ಕ್ಯಾಪ್ಟನ್ ನೆಮೊ ಯಾವ ನಾಡಿನವನು?

ಪ್ರಶ್ನೆ: ಫ್ರೆಂಚ್ ಲೇಖಕ ಜೂಲ್ಸ್ ವರ್ನ್‌ನ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಕಾದಂಬರಿಯನ್ನು ಆಧರಿಸಿದ 1954ರ ಡಿಸ್ನಿ ಚಿತ್ರವನ್ನು ಈಚೆಗೆ ಮಗಳ ಜೊತೆ ನೋಡಿದೆ. ಜಲಾಂತರ್ಗಾಮಿಯ ಒಡೆಯ ನೆಮೊ ಭಾರತೀಯನೆಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ನಿಜವೇನು? ಕಾದಂಬರಿ ಓದತೊಡಗಿರುವ ಮಗಳಿಗೆ ಅದರಲ್ಲಿನ ಮೀನುಗಳ ಪಟ್ಟಿ ಬೇಸರ ತಂದಿದೆ. ಬಿಟ್ಟು ಓದಬಹುದೇ?
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ನಿಮ್ಮ ಸ್ನೇಹಿತರ ಮಾತು ನಿಜ, ಆದರೆ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಒಂದನ್ನೇ ಓದಿದವರಿಗೂ ಅದು ತಿಳಿಯುವುದಿಲ್ಲ. ವರ್ನ್ ಮೊದಲು ನೆಮೊನನ್ನು ರಷ್ಯಾದ ಮೇಲೆ ಹಗೆ ಸಾಧಿಸುವ ಪೋಲೆಂಡಿನವನನ್ನಾಗಿ ಕಲ್ಪಿಸಿಕೊಂಡಿದ್ದ. ಪ್ರಕಾಶಕ ಹೆಟ್ಜೆಲ್ ಒಪ್ಪದಿದ್ದುದರಿಂದ ಆ ಕಾದಂಬರಿಯಲ್ಲಿ ನಾಯಕನ ನಾಡು ಯಾವುದೆಂಬುದು ಗುಟ್ಟಾಗಿಯೇ ಉಳಿಯಿತು. ಅದು ಬಯಲಾಗುವುದು 1875ರ ‘ದ ಮಿಸ್ಟೀರಿಯಸ್ ಐಲೆಂಡ್’ನ ಕೊನೆಯಲ್ಲಿ: ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ, 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮಡದಿ ಮಕ್ಕಳನ್ನು ಕಳೆದುಕೊಂಡವನು. ಶ್ರೀರಂಗಪಟ್ಟಣದೊಂದಿಗಿನ ಈ ನಂಟು ಕಾದಂಬರಿಕಾರನ ಕಲ್ಪನೆಯೇ ಆದರೂ ಕನ್ನಡ ಓದುಗರಿಗೆ ಅದು ಸಣ್ಣ ಸಂಗತಿಯಲ್ಲ.

ಚಿತ್ರದಲ್ಲಿ ಆಂಗ್ಲ ನಟ ಜೇಮ್ಸ್ ಮೇಸನ್ ನೆಮೊನ ಪಾತ್ರವನ್ನು ಬಹಳ ಘನತೆಯಿಂದ ಅಭಿನಯಿಸಿದ್ದಾರೆ. ಆದರೆ ಅಲ್ಲಿ ಅವನ ಹೆಂಡತಿ ಮಗುವನ್ನು ಬಲಿ ತೆಗೆದುಕೊಂಡದ್ದು ಹೆಸರಿಲ್ಲದ ಯಾವುದೋ ದೇಶ. ಹಾಗಾಗಿ ಅವನ ರೋಷಕ್ಕೆ ಬೇರೇ ಇಲ್ಲದಂತಾಗಿದೆ. (2003ರ ಇನ್ನೊಂದು ಚಿತ್ರದಲ್ಲಿ ನಸೀರುದ್ದೀನ್ ಶಾ ನೆಮೊ ಆದಾಗ ಅವನು ಭಾರತೀಯನಾಗಿಯೇ ಕಾಣಿಸಿಕೊಂಡ.) ನನಗೆ ಹೆಚ್ಚು ನೋವಾಗುವುದು ಕಾದಂಬರಿಯ ಸಿಂಹಳದ ಪ್ರಸಂಗ ಡಿಸ್ನಿ ಚಿತ್ರದಲ್ಲಿ ಬಿಟ್ಟುಹೋದದ್ದಕ್ಕೆ. ಮುತ್ತಿಗಾಗಿ ಮುಳುಗಿದ ಬಡ ಭಾರತೀಯನ ಮೇಲೆ ಶಾರ್ಕ್ ಎರಗಿದಾಗ, ನೆಮೊ ಬರಿಯ ಕಠಾರಿ ಹಿಡಿದು ಅದರೊಡನೆ ಸೆಣಸುತ್ತಾನೆ. ಬದುಕುಳಿದವನ ಕೈಗೆ ಒಂದು ಚೀಲ ಮುತ್ತು ಇಡುತ್ತಾನೆ. ಆಮೇಲೆ, ತುಳಿತಕ್ಕೊಳಗಾದವರ ನಾಡಿಗೆ ತಾನೂ ಸೇರಿದವನೆಂಬ ಅರ್ಥದ ಮಾತಾಡುತ್ತಾನೆ. ಎರಡನೆಯ ಪುಸ್ತಕ ಓದಿದ ಮೇಲೆ ಈ ಪುಟಗಳಿಗೆ ಮರಳಿದರೆ, ಆ ಮಾತಿನ ಭಾರ ಎಷ್ಟೆಂದು ಗೊತ್ತಾಗುತ್ತದೆ.

ಪಟ್ಟಿಗಳನ್ನು ಮಗಳು ಧಾರಾಳವಾಗಿ ದಾಟಿ ಹೋಗಲಿ. ನೆಮೊನ ಸೆರೆಯಾಳುಗಳಾದ ಕೊನ್ಸೇ ಮತ್ತು ನೆಡ್ ಲ್ಯಾಂಡ್ ಮೀನಿನ ವಿಷಯಕ್ಕೆ ವಾದಕ್ಕಿಳಿಯುವ ಅಧ್ಯಾಯವನ್ನು ಮಾತ್ರ ಬಿಡಬಾರದು. ಕೊನ್ಸೇಗೆ ಮೀನಿನ ವರ್ಗ, ಕುಲಗಳೆಲ್ಲ ಬಾಯಿಪಾಠ, ಕಣ್ಣೆದುರಿನ ಮೀನು ಯಾವುದೆಂದು ಮಾತ್ರ ತಿಳಿಯದು. ಈಟಿಗಾರ ನೆಡ್ ಪ್ರಕಾರ ಮೀನುಗಳಲ್ಲಿ ಎರಡೇ ಜಾತಿ, ನಾವು ತಿನ್ನುವವು ಮತ್ತು ನಾವು ತಿನ್ನದವು. ಬಂಗಡೆ, ತಾರ್ಲೆ, ಇಸವಣಗಳನ್ನು ದೂರದಿಂದಲೇ ಗುರುತಿಸುವ ಕಾರವಾರದ ಹುಡುಗಿಗೆ ನೆಡ್‌ನ ಪಕ್ಷ ವಹಿಸಲು ಯಾರೂ ಹೇಳಿಕೊಡಬೇಕಾಗಿಲ್ಲ.