ಇ-ಟೈಪ್ ಮೇಲೋ, ಎಫ್-ಟೈಪ್ ಮೇಲೋ?

ಪ್ರಶ್ನೆ: 1961ರ ಜಾಗ್ವಾರ್ ಇ-ಟೈಪ್‌ಗೇ 265 ಅಶ್ವಶಕ್ತಿ ಇತ್ತು, 2013ರ ಎಫ್-ಟೈಪ್‌ನ ವಿ6 ಮಾದರಿಗೆ 340. ಅರ್ಧ ಶತಮಾನದ ಪ್ರಗತಿ ಇಷ್ಟೇ ಏನು? ಹಳೆಯ ಕಾರು ಗಟ್ಟಿ ಉಕ್ಕಿನದಾದ್ದರಿಂದ ಸುರಕ್ಷಿತವೂ ಹೌದಲ್ಲವೇ?

ಉತ್ತರ: ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ಕಳುಹಿಸುವವರಿಗೆ ಉತ್ತರಿಸಿ ನನಗೆ ಸಾಕಾಗಿದೆ. 265 ಎಂಬುದು ಆ ಕಾಲದ ‘ಗ್ರಾಸ್’ ಲೆಕ್ಕ, ಅಂದರೆ ಶಕ್ತಿ ತಿನ್ನುವ ಹಲವು ಬಿಡಿಭಾಗಗಳನ್ನು ಕಳಚಿಟ್ಟು ಎಂಜಿನ್ನನ್ನು ಅಳೆದದ್ದು. 340 ಎಂಬುದು ಅವೆಲ್ಲವನ್ನೂ ಹೊತ್ತ ಎಂಜಿನ್ನಿನದು. ಇ-ಟೈಪ್ ಗಂಟೆಗೆ 240 ಕಿ.ಮೀ. ಓಡುತ್ತದೆ ಎಂಬ ಖ್ಯಾತಿಯೂ ಪತ್ರಕರ್ತರ ಕೈಗೆ ಕೊಡಲು ವಿಶೇಷವಾಗಿ ಸಜ್ಜುಗೊಳಿಸಿದ ಕಾರುಗಳಿಂದ ಬಂದದ್ದು.

ಇನ್ನು ‘ಗಟ್ಟಿ ಉಕ್ಕು’. ಅಲ್ಯೂಮಿನಿಯಂ ಮೈಯ ಎಫ್-ಟೈಪ್ ಸುಮಾರು 1,600 ಕಿಲೋ ತೂಗಿದರೆ, ಉಕ್ಕಿನ ಇ-ಟೈಪ್ ಅದಕ್ಕಿಂತ ಮುನ್ನೂರು ಕಿಲೋಗೂ ಹೆಚ್ಚು ಹಗುರ, ಮತ್ತು ಅದನ್ನು ಓಡಿಸುವಾಗ ಸಿಗುವ ಸುಖದ ಬಹುಪಾಲು ಆ ಹಗುರತನದ್ದೇ. ಡಿಕ್ಕಿಯ ಹೊಡೆತವನ್ನು ತಾನೇ ನಜ್ಜುಗುಜ್ಜಾಗಿ ಹೀರಿಕೊಳ್ಳುವಂತೆ ರೂಪಿಸಿದ ಮುಂಭಾಗವಾಗಲಿ, ಏರ್‌ಬ್ಯಾಗ್ ಆಗಲಿ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಆಗಲಿ ಅದಕ್ಕಿಲ್ಲ. ಮಳೆಯಲ್ಲಿ ಚಕ್ರ ಕಚ್ಚಿಕೊಂಡರೆ ನಿಮ್ಮ ಪಾದವೇ ಗತಿ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದೆ ಸ್ವತಂತ್ರ ಸಸ್ಪೆನ್ಷನ್ ಎಂಬುದು 1961ಕ್ಕೆ ದೊಡ್ಡ ಸಾಧನೆ ನಿಜ; ಆದರೆ ಆ ಹಿಂದಿನ ಡಿಸ್ಕ್‌ಗಳಿರುವುದು ಚಕ್ರದ ಬಳಿಯಲ್ಲ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ಗೆ ಒತ್ತಿಕೊಂಡು. ಬ್ರೇಕಿನ ಶಾಖಕ್ಕೆ ಆಯಿಲ್ ಸೀಲ್ ಸೋತರೆ ಎಣ್ಣೆ ನೇರ ಡಿಸ್ಕ್ ಮೇಲೆಯೇ ಇಳಿಯುತ್ತದೆ. ಕೊಳ್ಳುವವರು ಬಾನೆಟ್ಟಿನ ಅಂದ ಸವರುವುದನ್ನು ಬಿಟ್ಟು ಮೊದಲು ಅಲ್ಲಿ ಟಾರ್ಚ್ ಬಿಡಬೇಕು, ಆಮೇಲೆ ಬಾಗಿಲ ಕೆಳಗಿನ ಸಿಲ್‌ಗಳನ್ನು ನೋಡಬೇಕು. ಟಿಂಕರಿಂಗ್ ಮಾಡದೆ ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ, ಬಣ್ಣ ಬಳಿದು, ‘ಪೂರ್ತಿ ರಿಸ್ಟೋರ್ ಆಗಿದೆ’ ಎನ್ನುವವರನ್ನು ನಾನು ಮೆಕ್ಯಾನಿಕ್ ಎಂದು ಕರೆಯಲಾರೆ.

ಹಳೆಯದೇ ಬೇಕೆಂದರೆ 1964ರ ನಂತರದ 4.2 ಲೀಟರ್ ಮಾದರಿಯನ್ನು ಕೊಳ್ಳಿ, ಹಿಂದಿನ 3.8ರ ಮೊದಲ ಗೇರಿಗೆ ಸಿಂಕ್ರೋಮೆಶ್ (ಗೇರು ಕರಕರ ಎನ್ನದೆ ಸಲೀಸಾಗಿ ಬೀಳುವಂತೆ ಮಾಡುವ ಏರ್ಪಾಡು) ಇಲ್ಲ, ನಮ್ಮ ಸಿಗ್ನಲ್‌ಗಳಲ್ಲಿ ಅದು ತಾಳ್ಮೆ ಕೆಡಿಸುತ್ತದೆ. ಓಟ, ಬ್ರೇಕು, ಜೀವರಕ್ಷಣೆಗಳ ಮಾತಾದರೆ ಎಫ್-ಟೈಪ್. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಹಳೆಯ ಕಾರಿನ ಮೈಲೇಜ್ ಏರುತ್ತದೆಯೇ?

ಉತ್ತರ: ಮಾರಿದವನ ಆದಾಯ ಏರುತ್ತದೆ.

ಪ್ರಶ್ನೆ: ವಿಂಟೇಜ್ ವಾಹನಗಳ ‘ವಿಎ’ ಸರಣಿಯಲ್ಲಿ ನೋಂದಾಯಿಸಿ ದಿನವೂ ಕಚೇರಿಗೆ ಓಡಿಸಬಹುದೇ?

ಉತ್ತರ: ಇಲ್ಲ. 50 ವರ್ಷ ಮೀರಿದ ವಾಹನಗಳಿಗಾಗಿ 2021ರಲ್ಲಿ ಬಂದ ಆ ನಿಯಮ ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಯಲು ಬಿಡುತ್ತದೆ.