ಪ್ರತಿಕ್ರಿಯೆ: ಮುದ್ದೆ ಉಂಡರೂ ಇಳಿಯದ ಸಕ್ಕರೆ

ಸಕ್ಕರೆ ಕಾಯಿಲೆ ಇರುವ, ಸಕಲೇಶಪುರದ ನಿಮ್ಮ ತಂದೆಯವರು ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದರೂ ಊಟದ ನಂತರದ ರಕ್ತದ ಸಕ್ಕರೆ 240ರ (mg/dL) ಆಸುಪಾಸಿನಲ್ಲೇ ಇರುವುದಕ್ಕೆ ಬಹುಮಟ್ಟಿಗೆ ಮುದ್ದೆಯ ಗಾತ್ರವೇ ಕಾರಣವಿರಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುವುದರಿಂದ, ಈ ವಿಷಯದಲ್ಲಿ ಅದು ಅಕ್ಕಿಗಿಂತ ಬಹಳ ಹಿಂದಿಲ್ಲ.

ಮೊದಲು ಅವರ ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರು ನೋಡಿ. ಅದು ಗ್ಲಿಮೆಪಿರೈಡ್ ಆಗಿದ್ದರೆ, ಅಥವಾ ಇನ್ಸುಲಿನ್ ನಡೆಯುತ್ತಿದ್ದರೆ, ಊಟ ಕಡಿಮೆ ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು, ಏಕೆಂದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬರಬಹುದು. ಅವರು ಒಪ್ಪಿದ ಮೇಲೆ ಮುದ್ದೆಯನ್ನು ಅರ್ಧಕ್ಕಿಳಿಸಿ, ಬಸ್ಸಾರಿಗೆ ಬಸಿದ ಸೊಪ್ಪು-ಕಾಳಿನ ಪಲ್ಯವನ್ನು ಧಾರಾಳವಾಗಿ ಬಡಿಸಿ, ಅದನ್ನೇ ಮೊದಲು ತಿನ್ನಲು ಹೇಳಿ. ಮೊದಲ ತುತ್ತಿನಿಂದ ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. 180ರ ಒಳಗೆ ಎಂಬುದು ಸಾಮಾನ್ಯ ಗುರಿ, ವಯಸ್ಸಾದವರಿಗೆ ವೈದ್ಯರು ಅದನ್ನು ಸಡಿಲಿಸುವುದೂ ಉಂಟು. ಎಷ್ಟು ಇಳಿಯುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಆ ಅಂಕಿಗಳೇ ಹೇಳಬೇಕು.

ತಂದೆಯವರು ಮನೆಯವರೊಂದಿಗೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾರೆ ಎಂದು ಬರೆದಿದ್ದೀರಿ; ನನಗೆ ಹೆಚ್ಚು ಕಳವಳ ತಂದಿದ್ದು ಅದು. ಅಕ್ಕಿ ರೊಟ್ಟಿಯನ್ನು ಪೂರ್ತಿ ನಿಷೇಧಿಸಬೇಡಿ. ಮುದ್ದೆಯ ಬದಲಿಗೆ ಒಂದು ರೊಟ್ಟಿ, ಜೊತೆಗೆ ಅದೇ ಪಲ್ಯ, ಎಲ್ಲರಿಗೂ ಒಂದೇ ಅಡುಗೆಯಾಗಲಿ. ಆಮೇಲೂ ಬೇಸರ ಕಳೆಯದಿದ್ದರೆ, ಬರೆದಿಟ್ಟ ಅಂಕಿಗಳನ್ನು ತೋರಿಸುವಾಗ ವೈದ್ಯರಿಗೆ ಅದನ್ನೂ ತಿಳಿಸಿ.