ಮಾಲದಂಡಿ ಬಿಟ್ಟು ಬಿಜೆವಿ-44 ಹಾಕಿದ್ರ ಎಕರೆಗೆ ಜೋಳ ಜಾಸ್ತಿ ಬರ್ತದೇನು?
ನೀವು ಕೇಳಿದ್ದು, ಶಹಾಪುರ ಕಡೆ ನಾಕು ಎಕರೆ ಅದ, ಅರ್ಧ ಆಳ ಎರಿ (ಕಪ್ಪು ಮಣ್ಣು), ಅರ್ಧ ಮಡ್ಡಿ (ತೆಳು ಗರಸು ಭೂಮಿ), ಹಿಂಗಾರಿಗೆ ಮಾಲದಂಡಿ ಬದ್ಲಿ ಬಿಜೆವಿ-44 ಬಿತ್ತಿದ್ರ ಇಳುವರಿ ಹೆಚ್ಚಾಗ್ತದೇನು ಅಂತ. ಎರಿ ಅರ್ಧಕ್ಕ ಹಾಕ್ರಿ, ಅದು ವಿಜಯಪುರದಾಗ ಆಳ ಎರಿ ಭೂಮಿಗಂತನೇ ತಯಾರಾದ ತಳಿ. ಮಡ್ಡ್ಯಾಗ ಮಾತ್ರ ಬ್ಯಾಡ್ರಿ.

ನಮ್ಮದು ಜೇವರ್ಗಿ ಕಡೆ, ನಮ್ಮಲ್ಲೂ ಹೊಲ ಹಿಂಗೇ ಅವ. ಹಿಂಗಾರಿ ಜೋಳ ಬೆಳೆಯೋದೇ ಮಳಿ ಹೋದ ಮ್ಯಾಲ ನೆಲದಾಗ ಉಳಿದ ಹಸಿ ಮ್ಯಾಲ. ಆಳ ಎರ್ಯಾಗ ಮೂರಡಿ ಕೆಳಗೂ ಹಸಿ ಇರ್ತದ, ಕಾಳಿಗೆ ಹಾಲು ತುಂಬೋ ಹೊತ್ತಿಗೆ ಬೇರು ಅಲ್ಲಿಂದ ಎಳಕೋತದ. ಮಡ್ಡ್ಯಾಗ ಒಂದಡಿ ಅಗದ್ರ ಗರಸು ಹತ್ತತದ, ತೆನಿ ಹೊರಬರೋದ್ರಾಗ ಹಸಿ ಮುಗದಿರ್ತದ, ತಡ ಮಾಗೋ ತಳಿ ಆದ್ರ ಕಾಳು ಜೊಳ್ಳು ಆಗ್ತಾವ, ದಂಟು ಬುಡದಾಗ ಮೆತ್ತಗಾಗಿ ಬೀಳ್ತದ. ಬಿದ್ದ ದಂಟು ಸೀಳಿ ನೋಡ್ರಿ, ಒಳಗಿನ ನಾರಿಗೆಲ್ಲ ಇದ್ದಿಲು ಪುಡಿ ಬಡದಂಗ ಕರ್ರಗ ಇರ್ತದ. ಅಂಥ ಹೊಲಕ್ಕ ಮಹಾರಾಷ್ಟ್ರದ ರಾಹುರಿ ಕೃಷಿ ವಿವಿಯವರ ಫುಲೆ ಅನುರಾಧಾ ಅದ, ಲಗೂ ಬರ್ತದ, ತೆಳು ಭೂಮಿಗೇ ಅಂತ ಮಾಡಿದ್ದು.

ಮಾಲದಂಡಿ ಪೂರಾ ಬಿಡಬ್ಯಾಡ್ರಿ ಅಂತ ನನ್ನ ವಿಚಾರ. ಸೋಲಾಪುರ ಹತ್ರ ಮೊಹೋಳದಾಗ 1930ರ ದಶಕದಾಗ ಊರ ಜೋಳದಾಗಿಂದ ಆರಿಸಿದ ಎಂ 35-1 ಅದು, ಇಷ್ಟು ವರ್ಷ ಆದ್ರೂ ಪ್ಯಾಟ್ಯಾಗ ಅದರ ದುಂಡನ ಬಿಳಿ ಕಾಳಿಗೆ ರೇಟು ಅದ, ರೊಟ್ಟಿ ಚಲೋ ಆಗ್ತಾವ, ಕಣಿಕಿ (ಒಣ ದಂಟಿನ ಮೇವು) ದನ ಬಿಡಂಗಿಲ್ಲ. ನಮ್ಮ ಭಾಗದಾಗ ಕಣಿಕಿ ರೊಕ್ಕ ಲೆಕ್ಕಕ್ಕ ಹಿಡೀಲಾರದೆ ಬರೀ ಕಾಳು ತೂಗಿ ಈ ತಳಿ ಹೆಚ್ಚು ಆ ತಳಿ ಕಡಿಮಿ ಅನ್ನೋದು ಸರಿ ಅಲ್ಲ.

ಇನ್ನ ಅಂಗಡ್ಯಾಗ ಕೊಟ್ಟ ಕಾಗದದಾಗ 20 ಕ್ವಿಂಟಲ್ ಅಂತ ಇದ್ರ ಅದು ಹೆಕ್ಟೇರಿಗೆ ಏನು ಅಂತ ಮೊದ್ಲ ನೋಡ್ರಿ, ಹೆಕ್ಟೇರಿಗಿದ್ರ ಎಕರೆಗೆ ಬರೋದು 8. ಖರೇ ಇಳುವರಿ ತಿಳೀಬೇಕಂದ್ರ ಎರಡೂ ತಳಿ ಒಂದೇ ಪಟ್ಟ್ಯಾಗ, ಒಂದೇ ದಿನ, ಮಗ್ಗಲ ಮಗ್ಗಲಕ ಬಿತ್ತ್ರಿ, ಒಂದನ್ನ ಸೆಪ್ಟೆಂಬರ್ ಕೊನೀಗೆ ಇನ್ನೊಂದನ್ನ ಅಕ್ಟೋಬರ್ ಕೊನೀಗೆ ಬಿತ್ತಿದ್ರ ತಡ ಆದದ್ದಕ್ಕ ಸುಳಿ ನೊಣ ಜಾಸ್ತಿ ಬಿದ್ದು ಸಸಿ ಸುಳಿ ಒಣಗಿ ಹೋಗ್ತಾವ, ಆಮ್ಯಾಲ ತಪ್ಪು ತಳೀದು ಅಂತ ಅನಸ್ತದ. ರಾಶಿ ಟೈಮಿಗೆ ಬದುವಿನ ಸಾಲು ಬಿಟ್ಟು ಒಳಗ ಒಂದೊಂದು ಗುಂಟೆ, ಅಂದ್ರ 33 ಅಡಿ ಉದ್ದ 33 ಅಡಿ ಅಗಲ, ಹಗ್ಗ ಹಿಡದು ಅಳದು ಬ್ಯಾರೆ ಕೊಯ್ರಿ. ಕಾಳು ಪೂರಾ ಒಣಗಿಸಿದ ಮ್ಯಾಲೇ ತೂಗ್ರಿ, ಯಾಕಂದ್ರ ತೇವ 18 ಪರ್ಸೆಂಟ್ ಇದ್ದ 100 ಕೆಜಿ ಜೋಳ 12ಕ್ಕ ಬಂದಾಗ 93 ಕೆಜಿ ಆಗ್ತದ, ಎರಡು ತಳಿ ನಡುವಿನ ಫರಕೇ ಕೆಲವೊಮ್ಮೆ ಅಷ್ಟಿರ್ತದ. ಬಂದ ತೂಕಕ್ಕ 40 ಗುಣಿಸ್ರಿ, ಗುಂಟೆಗೆ 12 ಕೆಜಿ ಬಂದ್ರ ಎಕರೆಗೆ 4.8 ಕ್ವಿಂಟಲ್. ಅದೇ ಗುಂಟೆದ ಕಣಿಕೀನೂ ಒಣಗಿಸಿ ತೂಗಿ ಬರದಿಟ್ಕೋರಿ.